ಅಂಕೆಗಳ ಕಂಠಿಕೆ: ಒಂದು ದೊಡ್ಡ ಸಂಖ್ಯೆಯ ಹೊರಗು, ಒಳಗು

(ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ಈ ದತ್ತಿ ಒಬ್ಬ ಗಣಿತದ ಮಾಸ್ತರರ ನೆನಪಿನದು. ತಮ್ಮ ಹೆಸರನ್ನು ಎಲ್ಲೂ ಹೇಳಬಾರದೆಂದು ಅವರು ಬದುಕಿದ್ದಾಗಲೇ ಮನೆಯವರಿಗೆ ತಿಳಿಸಿದ್ದರಂತೆ. ಆ ಮಾತನ್ನು ನಾನೂ ನಡೆಸುತ್ತೇನೆ. ಅವರು ಕೇಳಿಕೊಂಡದ್ದು ಒಂದೇ: ಗಣಿತವನ್ನು ಕನ್ನಡದಲ್ಲಿ ಹೇಳಬೇಕು, ಐದನೆಯ ತರಗತಿಯ ಮಗುವಿಗೂ ಅಡತಿ ಅಂಗಡಿಯ ಮುನೀಮರಿಗೂ ತಿಳಿಯುವಂತೆ ಹೇಳಬೇಕು.

ಹಾಗಾಗಿ ಇವತ್ತು ನಾನು ತಂದಿರುವುದು ಒಂದೇ ಒಂದು ಸಂಖ್ಯೆ. ಹಲಗೆಯ ಮೇಲೆ ಬರೆದಿದೆ, ನೋಡಿರಿ:

18947668177995426462773730

ಇಪ್ಪತ್ತಾರು ಅಂಕೆ. ಇದು ಯಾರ ಬಾಯಿಂದ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ. ಈ ಸಭೆ ಮುಗಿಯುವ ಮೊದಲು, ಯಾವ ಯಂತ್ರವನ್ನೂ ಮುಟ್ಟದೆ, ಇದನ್ನು ಹೇಗೆ ಹೆಸರಿಟ್ಟು ಕರೆಯಬೇಕು, ಯಾವ ಸಂಖ್ಯೆ ಇದನ್ನು ಭಾಗಿಸುತ್ತದೆ, ಯಾವುದು ಭಾಗಿಸುವುದಿಲ್ಲ ಎಂಬುದನ್ನು ನಾವೆಲ್ಲ ಕೂಡಿ ತಿಳಿದುಕೊಳ್ಳೋಣ. ಅದಕ್ಕೆ ಬೇಕಾದ ದಾರಿಯ ಸುಳಿವು ಇದೇ ನೆಲದ ಒಂದು ಹಳೆಯ ಗಣಿತ ಗ್ರಂಥದಲ್ಲಿದೆ.

ಪಂಚವೀಸ್, ಇಪ್ಪತ್ತೈದು

ಮೊದಲು ನನ್ನ ಪಾಟಿಯ ಕಥೆ. ನಮ್ಮ ಮನೆಯ ಮಾತು ಕನ್ನಡ, ಕಲಿತ ಶಾಲೆ ಮರಾಠಿ. ಬೆಳಗ್ಗೆ ಮುತ್ಯಾನ ಮುಂದೆ ಕೂತು ‘ಎರಡ ಒಂದ್ಲೆ ಎರಡು, ಎರಡ ಎರಡ್ಲೆ ನಾಲ್ಕು’ ಎಂದು ಮಗ್ಗಿ ಹೇಳುವುದು, ಹನ್ನೊಂದಕ್ಕೆ ಶಾಲೆಯಲ್ಲಿ ‘ಬೇ ಏಕೆ ಬೇ, ಬೇ ದುಣೇ ಚಾರ್’ ಎಂದು ಪಾಢೆ ಹೇಳುವುದು. ಅದರಲ್ಲಿ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ಒಂದು ದಿನ ಮಾಸ್ತರರು ‘ಪಂಚವೀಸ್’ ಬರೆಯಿರಿ ಎಂದಾಗ. ಕಿವಿಗೆ ಮೊದಲು ಬಿದ್ದದ್ದು ಐದು, ಆಮೇಲೆ ಇಪ್ಪತ್ತು. ನಾನು ಕೇಳಿದ ಕ್ರಮದಲ್ಲೇ ಬರೆದೆ: 52. ಬೆನ್ನಿಗೆ ಒಂದು ಪೆಟ್ಟು ಬಿತ್ತು.

ಈ ಸಭೆಯಲ್ಲಿ ಅದೇ ಪೆಟ್ಟು ತಿಂದವರು ಇನ್ನೂ ಇರಬೇಕು. ಕನ್ನಡದಲ್ಲಿ ಇಪ್ಪತ್ತೈದು ಎಂದರೆ ಹತ್ತರ ಸ್ಥಾನ ಮೊದಲು, ಬಿಡಿಯ ಸ್ಥಾನ ಆಮೇಲೆ. ಮರಾಠಿಯಲ್ಲಿ ಪಂಚವೀಸ್ ಎಂದರೆ ಬಿಡಿ ಮೊದಲು, ಹತ್ತು ಆಮೇಲೆ. ಕನ್ನಡ ಎಡದಿಂದ ಓದುವ ಅಂಕೆಯನ್ನು ಮರಾಠಿ ಬಲದಿಂದ ಓದುತ್ತದೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ್ ಪಾಚ್’ ಎನ್ನುವ ಕ್ರಮವನ್ನೂ ಕೊಟ್ಟಾಗ ರಾಜ್ಯದ ತುಂಬ ಚರ್ಚೆಯಾಯಿತು. ಗಣಿತಜ್ಞೆ ಮಂಗಳಾ ನಾರಳೀಕರ್ ಆ ಬದಲಾವಣೆಯನ್ನು ಸಮರ್ಥಿಸಿಕೊಂಡರು. ಆ ಚರ್ಚೆಯಲ್ಲಿ ಯಾರು ಗೆದ್ದರು ಎಂಬುದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಸಂಖ್ಯೆಯ ಹೆಸರಿನಲ್ಲಿ ಎಡವೂ ಇದೆ, ಬಲವೂ ಇದೆ. ಈ ಗಡಿಯ ಮಕ್ಕಳು ಎರಡನ್ನೂ ಹೊತ್ತು ನಡೆಯುತ್ತಾರೆ.

ಹಳೆಯ ಸಂಸ್ಕೃತ ಗಣಿತ ಗ್ರಂಥಗಳಲ್ಲೂ ಇದೇ ಕಾಣುತ್ತದೆ. ಪದ್ಯದಲ್ಲಿ ಅಂಕೆಗಳನ್ನು ಹೇಳುವಾಗ ಬಿಡಿಸ್ಥಾನದಿಂದ ಆರಂಭಿಸಿ ಎಡಕ್ಕೆ ಹೋಗುವುದು ವಾಡಿಕೆ. ಹೀಗೆ ಹೇಳಿಸಿಕೊಳ್ಳುವ ಸಂಖ್ಯೆಗಳಲ್ಲಿ ಕೆಲವು ಮಾತ್ರ ಯಾವ ಕಡೆಯಿಂದ ಓದಿದರೂ ಒಂದೇ ಆಗಿರುತ್ತವೆ. 15151 ಅಂಥದ್ದು. 12345654321 ಅಂಥದ್ದು. ಕನ್ನಡದ ಮಗು ಎಡದಿಂದ ಬರಲಿ, ಮರಾಠಿಯ ಮಗು ಬಲದಿಂದ ಬರಲಿ, ಪಾಟಿಯ ಮೇಲೆ ಮೂಡುವುದು ಅದೇ ಸಂಖ್ಯೆ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಕನ್ನಡ ನಾಡಿನ ಆಚಾರ್ಯ ಇಂಥ ಸಂಖ್ಯೆಗಳನ್ನು ಹುಡುಕಿ, ಅವಕ್ಕೆ ಕಂಠಿಕೆ, ಅಂದರೆ ಕೊರಳಹಾರ ಎಂದು ಹೆಸರಿಟ್ಟ.

ಲಟ್ಟಲೂರಿನ ಒಡೆಯನ ಕಾಲದಲ್ಲಿ

ಅವನ ಹೆಸರು ಮಹಾವೀರಾಚಾರ್ಯ. ಗ್ರಂಥ ‘ಗಣಿತಸಾರಸಂಗ್ರಹ’. ಕಾಲ ಸುಮಾರು 850. ಗ್ರಂಥದ ಆರಂಭದಲ್ಲೇ ಅವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾನೆ. ಕಾಗಿಣಾ ದಡದ ಮಾನ್ಯಖೇಟ, ಇಂದಿನ ಮಳಖೇಡ, ಆ ದೊರೆಯ ರಾಜಧಾನಿ. 866ರ ಶಿರೂರು ಶಾಸನ ಅಮೋಘವರ್ಷನನ್ನು ಲಟ್ಟಲೂರಿನ ಒಡೆಯನೆಂದು ಕರೆಯುತ್ತದೆ. ಆ ಲಟ್ಟಲೂರೇ ಇಂದಿನ ಲಾತೂರು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ನಿಲಂಗಾ ಮತ್ತು ಉದಗೀರದಿಂದ ಬಂದವರು ತಮ್ಮ ಜಿಲ್ಲೆಯ ಊರಿನ ಹೆಸರನ್ನು ಗಣಿತದ ಚರಿತ್ರೆಯಲ್ಲಿ ಹುಡುಕಬೇಕಾದರೆ ಬಹಳ ದೂರ ಹೋಗಬೇಕಿಲ್ಲ. ಅದೇ ದೊರೆಯ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹರಡಿತು. ನಾವು ಕೂತಿರುವ ಊರು ಆ ಎರಡು ಹೊಳೆಗಳ ನಡುವೆಯೇ ಇದೆ.

ಮಹಾವೀರನ ಗ್ರಂಥ ಸಂಸ್ಕೃತದಲ್ಲಿದೆ, ಒಂಬತ್ತು ಅಧ್ಯಾಯ. ಗಣಿತ ಯಾವುದಕ್ಕೆ ಬೇಕು ಎಂಬ ಪ್ರಶ್ನೆಗೆ ಅವನು ಮೊದಲಿಗೇ ಉತ್ತರ ಕೊಡುತ್ತಾನೆ: ವ್ಯಾಪಾರಕ್ಕೆ, ಸಂಗೀತಕ್ಕೆ, ಅಡುಗೆಗೆ, ವೈದ್ಯಕ್ಕೆ, ಮನೆ ಕಟ್ಟುವುದಕ್ಕೆ, ಛಂದಸ್ಸಿಗೆ, ವ್ಯಾಕರಣಕ್ಕೆ, ಗ್ರಹಣದ ಲೆಕ್ಕಕ್ಕೆ. ಅಡುಗೆಯನ್ನೂ ಗ್ರಹಣವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಮನುಷ್ಯನ ಮೇಲೆ ನನಗೆ ಅಪಾರ ಪ್ರೀತಿ.

ಅವನು ಸ್ಥಾನಗಳಿಗೆ ಕೊಟ್ಟ ಹೆಸರುಗಳು ಇಪ್ಪತ್ನಾಲ್ಕು. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಒಂದರ ಮುಂದೆ 23 ಸೊನ್ನೆ ಹಾಕಿದರೆ ಮಹಾಕ್ಷೋಭ. ಹೂವು, ಭೂಮಿ, ಶಂಖ ಇವುಗಳ ಹೆಸರಿನ ಮೆಟ್ಟಿಲು ಹತ್ತಿ ಕೊನೆಗೆ ಕ್ಷೋಭ, ಅಂದರೆ ಅಲ್ಲೋಲಕಲ್ಲೋಲ.

ಈಗ ನಮ್ಮ ಹಲಗೆಯ ಸಂಖ್ಯೆಯನ್ನು ಈ ಹೆಸರುಗಳಿಂದ ಕರೆದು ನೋಡೋಣ. ಬಲದಿಂದ ಇಪ್ಪತ್ಮೂರು ಅಂಕೆ ಎಣಿಸಿ ಗೆರೆ ಹಾಕಿದರೆ ಎಡಕ್ಕೆ ಉಳಿಯುವುದು 189. ಆದ್ದರಿಂದ ಇದು 189 ಮಹಾಕ್ಷೋಭ, 4 ಕ್ಷೋಭ, 7 ಮಹಾಕ್ಷಿತಿ, 6 ಕ್ಷಿತಿ, 6 ಮಹಾಶಂಖ, 8 ಶಂಖ... ಹೀಗೆ ಇಳಿಯುತ್ತ ಬಂದು 3 ಸಹಸ್ರ, 7 ಶತ, 3 ದಶ, ಬಿಡಿಯಲ್ಲಿ ಸೊನ್ನೆ. ಮಹಾವೀರನ ಏಣಿಗಿಂತ ಎರಡು ಮೆಟ್ಟಿಲು ಮೇಲಿದ್ದರೂ ಸಂಖ್ಯೆ ಅವನ ಹೆಸರುಗಳಲ್ಲೇ ಹೇಳಿಸಿಕೊಂಡಿತು. ಇದು ಸಂಖ್ಯೆಯ ಹೊರಗು. ಇದರ ಒಳಗನ್ನು ಕಾಣಬೇಕಾದರೆ ಅವನ ಹಾರಗಳ ಹತ್ತಿರ ಹೋಗಬೇಕು.

ಒಂಬತ್ತರ ಹಾರ, ಸಾವಿರದ ಒಂದರ ಹಾರ

ಮಹಾವೀರ ಗುಣಾಕಾರ ಕಲಿಸುವ ಕಡೆ ಮಕ್ಕಳಿಗೆ ಸುಮ್ಮನೆ ಯಾವುದೋ ಎರಡು ಸಂಖ್ಯೆ ಕೊಟ್ಟು ಗುಣಿಸಿ ಎನ್ನುವುದಿಲ್ಲ. 12345679ನ್ನು 9ರಿಂದ ಗುಣಿಸು, ರಾಜನ ಕೊರಳಹಾರ ಬರುತ್ತದೆ ಎನ್ನುತ್ತಾನೆ. ಎಂಟರ ಅಂಕೆ ಇಲ್ಲ, ಗಮನಿಸಿರಿ: ಏಳರ ಮುಂದೆ ನೇರವಾಗಿ ಒಂಬತ್ತು. ಗುಣಿಸಿದರೆ 111111111. ಒಂಬತ್ತು ಮುತ್ತು.

ಯಾಕೆ ಹೀಗೆ? ಉತ್ತರ ನಮ್ಮ ಭಾಷೆಯಲ್ಲೇ ಇದೆ. ಒಂಬತ್ತು ಎನ್ನುವ ಮಾತನ್ನು ಬಿಡಿಸಿದರೆ ಒಂದು ಮತ್ತು ಹತ್ತು, ಹತ್ತಕ್ಕೆ ಒಂದು ಕಡಿಮೆ ಎಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಮರಾಠಿಯಲ್ಲಿ ಹತ್ತೊಂಬತ್ತನ್ನು ಏಕೋಣೀಸ್ ಎನ್ನುವುದೂ ಹೀಗೇ, ಇಪ್ಪತ್ತಕ್ಕೆ ಒಂದು ಕಡಿಮೆ. ಹಾಗಾದರೆ ಒಂಬತ್ತರಿಂದ ಗುಣಿಸುವುದೆಂದರೆ ಹತ್ತರಿಂದ ಗುಣಿಸಿ ಒಂದು ಸಲ ಕಳೆಯುವುದು. 123456790ರಲ್ಲಿ 12345679 ಕಳೆಯಿರಿ. ಪ್ರತಿ ಸ್ಥಾನದಲ್ಲೂ ಅಂಕೆ ಪಕ್ಕದ ಅಂಕೆಯಿಂದ ಕಳೆಯುತ್ತದೆ, ವ್ಯತ್ಯಾಸ ಒಂದೇ ಒಂದು. ಎಂಟರ ಜಾಗದಲ್ಲಿ ಮಾತ್ರ ಅಂಕೆಗಳ ಅಂತರ ಎರಡಾಗುತ್ತದೆ, ಆದರೆ ಬಿಡಿಸ್ಥಾನದ ಸೊನ್ನೆಯಿಂದ 9 ಕಳೆಯಲು ತೆಗೆದುಕೊಂಡ ಒಂದು ದಶಕ ಅಲ್ಲಿಂದಲೇ ಹೋಗಿ ಆ ಹೆಚ್ಚಳವನ್ನು ಸರಿದೂಗಿಸುತ್ತದೆ. ಎಂಟನ್ನು ಬಿಟ್ಟದ್ದು ಮರೆವಿನಿಂದಲ್ಲ, ಹಾರ ಕೂಡಿಬರಲೆಂದೇ.

ಇನ್ನೊಂದು ಹಾರ: 142857143ನ್ನು 7ರಿಂದ ಗುಣಿಸು. ಬರುವುದು 1000000001. ಎರಡು ಮುತ್ತು, ನಡುವೆ ಎಂಟು ಸೊನ್ನೆಯ ದಾರ. ಇನ್ನೂ ಒಂದು: 14287143ನ್ನು 7ರಿಂದ ಗುಣಿಸು. 100010001. ಮೂರು ಮುತ್ತು.

ಈ ಎರಡರ ಗುಟ್ಟು ನಮ್ಮ ಮದುವೆ ಮನೆಯ ಆಯೇರಿಯಲ್ಲಿದೆ. ಆಯೇರಿಯನ್ನು ನಾವು ನೂರು, ಸಾವಿರ ಎಂದು ಬೋಳಾಗಿ ಕೊಡುವುದಿಲ್ಲ. ನೂರಾ ಒಂದು, ಸಾವಿರದ ಒಂದು ಎಂದು ಒಂದನ್ನು ಸೇರಿಸಿ ಕೊಡುತ್ತೇವೆ. ಆ ಒಂದು ರೂಪಾಯಿ ಸಂಖ್ಯೆಯ ಒಳಗನ್ನೇ ಬದಲಿಸಿಬಿಡುತ್ತದೆ. ನೂರನ್ನು ಇಬ್ಬರು, ನಾಲ್ವರು, ಐವರು ಸಮನಾಗಿ ಹಂಚಿಕೊಳ್ಳಬಹುದು. 101ನ್ನು ಯಾರೂ ಹಂಚಿಕೊಳ್ಳಲಾರರು, ಅದು ಅವಿಭಾಜ್ಯ. 1001 ಮಾತ್ರ ವಿಚಿತ್ರ: ಅದು 7, 11, 13 ಈ ಮೂರರ ಗುಣಲಬ್ಧ. ಸಾವಿರವನ್ನು ಏಳು ಜನ ಅಕ್ಕತಂಗಿಯರಿಗೆ ಹಂಚಲಾಗದು, ಸಾವಿರದ ಒಂದನ್ನು ಹಂಚಬಹುದು. ತಲಾ 143.

ಈಗ ಹಾರಕ್ಕೆ ಬನ್ನಿ. 142857143ರ ಬಾಲದಲ್ಲಿ ಅದೇ 143 ಕೂತಿದೆ. ತಲೆಯಲ್ಲಿ 142857 ಇದೆ, ಅದನ್ನು ಏಳರಿಂದ ಗುಣಿಸಿದರೆ 999999. ಆದ್ದರಿಂದ ಇಡೀ ಗುಣಲಬ್ಧ 999999000 ಮತ್ತು 1001, ಕೂಡಿದರೆ ನೂರು ಕೋಟಿಯ ಮೇಲೆ ಒಂದು. ತಲೆ ಒಂದು ಹೆಜ್ಜೆ ಕಡಿಮೆ ಬಿತ್ತು, ಬಾಲ ಒಂದು ಹೆಜ್ಜೆ ಹೆಚ್ಚು ಹಾಕಿತು, ಹಾರ ಕೂಡಿತು.

ಮಗುವಿಗೆ ಇದರಿಂದ ಏನು ಸಿಕ್ಕಿತು ಎಂಬುದನ್ನು ಶಿಕ್ಷಕ ಬಂಧುಗಳು ಯೋಚಿಸಬೇಕು. ಮಾಮೂಲಿ ಗುಣಾಕಾರ ಕೊಟ್ಟರೆ ಮಗು ಲೆಕ್ಕ ಮುಗಿಸಿ ಮಾಸ್ತರರ ಮುಖ ನೋಡುತ್ತದೆ: ಸರಿಯೋ, ತಪ್ಪೋ? ಹಾರದ ಲೆಕ್ಕದಲ್ಲಿ ಮುಖ ನೋಡಬೇಕಾಗಿಲ್ಲ. ಒಂದು ದಶಕ ಮರೆತರೂ ಮುತ್ತುಗಳ ನಡುವೆ ಒಂದು ಕಲ್ಲು ಬಂದು ಕೂತಿರುತ್ತದೆ, ಕಣ್ಣಿಗೆ ಚುಚ್ಚುತ್ತದೆ. ಮಗು ತಾನೇ ಒರೆಸಿ ತಾನೇ ತಿದ್ದುತ್ತದೆ. ಉತ್ತರ ಸರಿ ಎಂದು ಹೇಳುವ ಅಧಿಕಾರವನ್ನು ಮಹಾವೀರ ಮಾಸ್ತರರ ಕೈಯಿಂದ ತೆಗೆದು ಲೆಕ್ಕದ ಒಳಗೇ ಇಟ್ಟ. ಪಾಟಿಯ ಮೇಲೆ 52 ಬರೆದು ಬೆನ್ನು ಉಜ್ಜಿಕೊಂಡ ಹುಡುಗ ನಾನು. ಇದರ ಬೆಲೆ ನನಗೆ ಗೊತ್ತು.

ಹಾರ ಹೆಣೆದವನ ಬೆವರು

ಗುಣಿಸುವುದು ಮಗುವಿನ ಕೆಲಸ. ಯಾವ ಎರಡನ್ನು ಗುಣಿಸಿದರೆ ಹಾರವಾಗುತ್ತದೆ ಎಂದು ಕಂಡುಹಿಡಿಯುವುದು ಆಚಾರ್ಯನ ಕೆಲಸ. ಅದು ಹಿಂದಕ್ಕೆ ನಡೆಯುವ ಲೆಕ್ಕ, ಬಹಳ ಕಷ್ಟದ್ದು.

ಅವನ ಇನ್ನೊಂದು ಲೆಕ್ಕ: ಬಿಡಿಸ್ಥಾನದಿಂದ 7, 0, 2, 2, 5, 1 ಎಂದು ಬರೆದು 73ರಿಂದ ಗುಣಿಸು. ಅಂದರೆ 152207ನ್ನು 73ರಿಂದ. ಬರುವುದು 11111111, ಎಂಟು ಮುತ್ತು. 73 ಎಲ್ಲಿಂದ ಬಂತು? ಎಂಟು ಒಂದುಗಳು 1111 ಮತ್ತು 10001ರ ಗುಣಲಬ್ಧ. ಮತ್ತೆ ಆಯೇರಿಯ ಸಂಖ್ಯೆ, ಈ ಸಲ ಹತ್ತು ಸಾವಿರದ ಒಂದು. ಅದರ ಒಳಗೆ ಇರುವುದು 73 ಮತ್ತು 137, ಎರಡೂ ಅವಿಭಾಜ್ಯ. ಇವನ್ನು ಕಾಣಬೇಕಾದರೆ 10001ನ್ನು 7ರಿಂದ, 11ರಿಂದ, 13ರಿಂದ, 17ರಿಂದ ಎಂದು ಒಂದೊಂದಾಗಿ ಭಾಗಿಸುತ್ತ ಬರುವ ತಾಳ್ಮೆ ಬೇಕು. ಮಹಾವೀರ ಯಾವ ದಾರಿಯಿಂದ ಬಂದಿದ್ದರೂ ಅಂಥ ತಾಳ್ಮೆ ಇಲ್ಲದೆ ಬಂದಿರಲಾರ.

ಇನ್ನೂ ಎತ್ತರದ್ದು: 27994681ನ್ನು 441ರಿಂದ ಗುಣಿಸು. ಬರುವುದು 12345654321. ಆರರವರೆಗೆ ಏರಿ, ಆರರಿಂದ ಇಳಿಯುವ ಹಾರ. ಒಳಗನ್ನು ನೋಡಿದರೆ 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆರು ಒಂದುಗಳ ವರ್ಗವೇ ಈ ಏರಿಳಿತದ ಹಾರ. ಹೊರಗೆ ಕಾಣುವ ಸೌಂದರ್ಯಕ್ಕೆ ಒಳಗೆ ಇಂಥ ಗಟ್ಟಿ ಕಾರಣವಿದೆ. ಸಂಖ್ಯೆ ಹೊರಗನ್ನು ಎಲ್ಲರಿಗೂ ತೋರಿಸುತ್ತದೆ, ಒಳಗನ್ನು ದುಡಿದವರಿಗೆ ಮಾತ್ರ. ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದು ಬಂದ ಮಾತು ಇದೇ. ಕಠಿಣ ದುಡಿಮೆಯನ್ನು ಗುರು ಹೊತ್ತು, ಸಂತೋಷದ ಗುಣಾಕಾರವನ್ನು ಮಗುವಿಗೆ ಬಿಟ್ಟುಕೊಟ್ಟದ್ದು ಮಹಾವೀರನ ದೊಡ್ಡತನ.

ಅವನು ಎಡವಿದ ಜಾಗವನ್ನೂ ಹೇಳಲೇಬೇಕು. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದು ಅವನು ಬರೆದ. ಅದು ತಪ್ಪು. ಐದನ್ನು ಸೊನ್ನೆಯಿಂದ ಭಾಗಿಸಿ ಐದೇ ಬರುವುದಾದರೆ, ಹಿಂದಕ್ಕೆ ನಡೆದು ಐದನ್ನು ಸೊನ್ನೆಯಿಂದ ಗುಣಿಸಿದಾಗ ಐದು ಬರಬೇಕಿತ್ತು. ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ ಎಂದು ಅವನೇ ಹೇಳಿದ್ದಾನೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ತನ್ನ ಕಾಲಕ್ಕೆ ಅಚ್ಚರಿಯ ಸ್ಪಷ್ಟತೆಯಿಂದ ಹೇಳಿದವನೂ ಇವನೇ. ಮುಂದಕ್ಕೆ ಮಾಡಿದ ಲೆಕ್ಕವನ್ನು ಹಿಂದಕ್ಕೂ ಮಾಡಿ ನೋಡು: ಹಾರಗಳಲ್ಲಿ ಅವನು ಕಲಿಸಿದ ಈ ಪಾಠದಿಂದಲೇ ಅವನ ತಪ್ಪನ್ನೂ ತಿದ್ದಬಹುದು.

ಹಲಗೆಯ ಮೇಲಿನ ಸಂಖ್ಯೆ

ಈಗ ನಮ್ಮ ದೊಡ್ಡ ಸಂಖ್ಯೆಗೆ ಬರೋಣ. ಇದನ್ನು ಹೇಳಿದವರು ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಕನ್ನಡತಿ ಶಕುಂತಲಾ ದೇವಿ. ತಂದೆ ಸರ್ಕಸ್ಸಿನಲ್ಲಿ ದುಡಿದವರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ ತಲಾ ಹದಿಮೂರು ಅಂಕೆಗಳ ಎರಡು ಸಂಖ್ಯೆ ಕೊಟ್ಟರು: 7686369774870 ಮತ್ತು 2465099745779. ಅವನ್ನು ಗುಣಿಸಿ 28 ಸೆಕೆಂಡುಗಳಲ್ಲಿ ಅವರು ಹೇಳಿದ ಉತ್ತರವೇ ಹಲಗೆಯ ಮೇಲಿರುವುದು.

28 ಸೆಕೆಂಡಿನಲ್ಲಿ ಗುಣಿಸುವ ಶಕ್ತಿ ನಮಗಿಲ್ಲ. ಉತ್ತರವನ್ನು ಒರೆಗೆ ಹಚ್ಚುವ ಶಕ್ತಿ ನಮ್ಮೆಲ್ಲರಿಗೂ ಇದೆ.

ಮೊದಲ ಒರೆಗಲ್ಲು ಒಂಬತ್ತು. ಹತ್ತರಲ್ಲಿ ಒಂಬತ್ತು ತೆಗೆದರೆ ಒಂದು ಉಳಿಯುತ್ತದೆ, ನೂರರಲ್ಲಿ 99 ತೆಗೆದರೂ ಒಂದು, ಸಾವಿರದಲ್ಲಿ 999 ತೆಗೆದರೂ ಒಂದು. ಆದ್ದರಿಂದ ಯಾವ ಸಂಖ್ಯೆಯಾದರೂ ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೂ ಅದರ ಅಂಕೆಗಳ ಮೊತ್ತದ ಶೇಷವೂ ಒಂದೇ. ಮೊದಲ ಸಂಖ್ಯೆಯ ಅಂಕೆಗಳನ್ನು ಕೂಡಿದರೆ 78, ಶೇಷ 6. ಎರಡನೆಯದರದು 74, ಶೇಷ 2. ಆರೆರಡ್ಲೆ ಹನ್ನೆರಡು, ಶೇಷ 3. ಉತ್ತರದ ಅಂಕೆಗಳನ್ನು ಕೂಡಿರಿ: 138. ಒಂಬತ್ತು ತೆಗೆಯುತ್ತ ಬಂದರೆ ಉಳಿಯುವುದು 3. ಕೂಡಿತು.

ಎರಡನೆಯ ಒರೆಗಲ್ಲು ನಮ್ಮ ಆಯೇರಿಯ ಸಾವಿರದ ಒಂದು. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕೆಯ ಮಡಿಕೆ ಮಾಡಿರಿ, ಸೀರೆ ಮಡಿಸಿದಂತೆ:

18, 947, 668, 177, 995, 426, 462, 773, 730

ಸಾವಿರ ಎಂದರೆ ಸಾವಿರದ ಒಂದಕ್ಕೆ ಒಂದು ಕಡಿಮೆ. ಹತ್ತು ಲಕ್ಷ ಎಂದರೆ 1001ರ 999 ಪಟ್ಟಿಗೆ ಒಂದು ಹೆಚ್ಚು. ಹಾಗಾಗಿ ಬಲಗಡೆಯ ಮಡಿಕೆಯಿಂದ ಆರಂಭಿಸಿ ಒಂದನ್ನು ಕೂಡುತ್ತ ಮುಂದಿನದನ್ನು ಕಳೆಯುತ್ತ ಹೋಗಬೇಕು. 730ರಲ್ಲಿ 773 ಕಳೆದು, 462 ಕೂಡಿ, 426 ಕಳೆದು, 995 ಕೂಡಿ, 177 ಕಳೆದು, 668 ಕೂಡಿ, 947 ಕಳೆದು, ಕೊನೆಗೆ 18 ಕೂಡಿರಿ. ಮುನೀಮರು ಮನಸ್ಸಿನಲ್ಲೇ ಮುಗಿಸಿದ್ದಾರೆ: 550.

ಇಪ್ಪತ್ತಾರು ಅಂಕೆಗಳ ಬೆಟ್ಟ ಮಡಿಸಿ ಮಡಿಸಿ 550 ಆಯಿತು. ಈ 550 ನಮಗೆ ಮೂರು ಸಂಗತಿ ಹೇಳುತ್ತದೆ. 550ನ್ನು ಏಳು ಭಾಗಿಸುವುದಿಲ್ಲ, ಆದ್ದರಿಂದ ದೊಡ್ಡ ಸಂಖ್ಯೆಯನ್ನೂ ಭಾಗಿಸುವುದಿಲ್ಲ. ಹದಿಮೂರೂ ಭಾಗಿಸುವುದಿಲ್ಲ. ಹನ್ನೊಂದು ಭಾಗಿಸುತ್ತದೆ, ಹನ್ನೊಂದು ಐವತ್ಲೆ ಐನೂರಾ ಐವತ್ತು. ಹಾಗಾದರೆ ಗುಣಿಸಿದ ಎರಡರಲ್ಲಿ ಒಂದರೊಳಗೆ ಹನ್ನೊಂದು ಅಡಗಿರಲೇಬೇಕು. ಎರಡನೆಯ ಸಂಖ್ಯೆಯನ್ನು ಹೀಗೇ ಮಡಿಸಿರಿ: 779ರಲ್ಲಿ 745 ಕಳೆದು, 99 ಕೂಡಿ, 465 ಕಳೆದು, 2 ಕೂಡಿದರೆ 330 ಋಣ ಬರುತ್ತದೆ. 330 ಹನ್ನೊಂದರ ಮೂವತ್ತು ಪಟ್ಟು. ಹನ್ನೊಂದು ಅಡಗಿದ್ದದ್ದು ಅಲ್ಲೇ.

ಉಳಿದದ್ದನ್ನು ಮಕ್ಕಳೂ ಹೇಳಬಲ್ಲರು. ಕೊನೆಯಲ್ಲಿ ಸೊನ್ನೆ, ಆದ್ದರಿಂದ ಎರಡೂ ಐದೂ ಭಾಗಿಸುತ್ತವೆ. ಕೊನೆಯ ಎರಡಂಕೆ 30, ಆದ್ದರಿಂದ ನಾಲ್ಕೂ ಇಪ್ಪತ್ತೈದೂ ಭಾಗಿಸುವುದಿಲ್ಲ. ಅಂಕೆಗಳ ಮೊತ್ತ 138ನ್ನು ಮೂರು ಭಾಗಿಸುತ್ತದೆ, ಒಂಬತ್ತು ಭಾಗಿಸುವುದಿಲ್ಲ. ಎರಡು, ಮೂರು, ಐದು, ಹನ್ನೊಂದು ಸೇರಿ 330 ಹೊರಗೆ ಬಂತು. ಒಳಗೆ ಇನ್ನೂ ಇಪ್ಪತ್ಮೂರು ಅಂಕೆಗಳ ಸಂಖ್ಯೆ ಬಾಗಿಲು ಮುಚ್ಚಿಕೊಂಡು ಕೂತಿದೆ. ಅದನ್ನು ಕೈಯಿಂದ ತೆರೆಯುವುದು ಬಲು ಕಷ್ಟ.

ಈ ಕಷ್ಟದ ಮೇಲೆಯೇ ಇಂದಿನ ಬೀಗಗಳು ನಿಂತಿವೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಕಂಪ್ಯೂಟರಿಗೆ ಕ್ಷಣದ ಕೆಲಸ, ಗುಣಲಬ್ಧದಿಂದ ಅವನ್ನು ಹಿಂದಕ್ಕೆ ಪಡೆಯುವುದು ಮಹಾ ಕಷ್ಟ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಇದರಿಂದಲೇ ಗುಪ್ತಲಿಪಿಯೊಂದನ್ನು ಕಟ್ಟಿದರು. ಅಂತರ್ಜಾಲದ ವ್ಯವಹಾರಗಳನ್ನು ಕಾಯುವ ಬೀಗಗಳಲ್ಲಿ ಅದೂ ಒಂದು. ಅವರ ಹೆಸರಿನಲ್ಲಿ ಸವಾಲಾಗಿ ಇಟ್ಟಿದ್ದ 250 ಅಂಕೆಗಳ ಒಂದು ಸಂಖ್ಯೆಯನ್ನು ಒಡೆಯಲು 2020ರಲ್ಲಿ ಜಗತ್ತಿನ ಹಲವೆಡೆಯ ಸಾವಿರಾರು ಕಂಪ್ಯೂಟರುಗಳು ಕೂಡಿ ದುಡಿಯಬೇಕಾಯಿತು. ಎಂಟು ಮುತ್ತಿನ ಹಾರದಲ್ಲಿ 73ನ್ನು ಹುಡುಕಿದ ದುಡಿಮೆ ಮತ್ತು ಇದು ಒಂದೇ ಜಾತಿಯವು.

ದೇವಳಾಲಿಯ ಮಾಸ್ತರರು

ಮಹಾರಾಷ್ಟ್ರದ ಮಣ್ಣಿನಲ್ಲಿ ನಿಂತು ಸಂಖ್ಯೆಗಳ ಮಾತಾಡುವಾಗ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರನ್ನು ನೆನೆಯದಿದ್ದರೆ ಋಣ ತೀರುವುದಿಲ್ಲ. 1905ರಲ್ಲಿ ಡಹಾಣೂದಲ್ಲಿ ಹುಟ್ಟಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿ ಬದುಕಿ, 1986ರಲ್ಲಿ ತೀರಿಕೊಂಡರು. 6174ರ ಗುಣವನ್ನು 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಜಗತ್ತಿಗೆ ತಿಳಿಸಿದರು. ನಾಲ್ಕಂಕೆಯ ಸಂಖ್ಯೆ ತೆಗೆದುಕೊಳ್ಳಿರಿ, ನಾಲ್ಕೂ ಅಂಕೆ ಒಂದೇ ಆಗಿರಬಾರದು. ಅಂಕೆಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ್ದನ್ನು ಕಳೆಯಿರಿ. ಬಂದದ್ದನ್ನು ಮತ್ತೆ ಹಾಗೇ ಮಾಡಿರಿ. ಹೆಚ್ಚೆಂದರೆ ಏಳು ಹೆಜ್ಜೆಗೆ 6174 ಬಂದು ನಿಲ್ಲುತ್ತದೆ.

ನಾನು ಇಲ್ಲಿ ಆರಿಸುವುದು 1956. ಅದೇ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆಯಿತು. ಅಲ್ಲಿಯವರೆಗೆ ಬೀದರ ಜಿಲ್ಲೆಯಲ್ಲಿದ್ದ ಉದಗೀರ ಮತ್ತು ನಿಲಂಗಾ ಗಡಿಯ ಈ ಕಡೆಗೆ ಬಂದವು, ಬೀದರ ಆ ಕಡೆಗೆ ಹೋಯಿತು. ಲೆಕ್ಕ ಮಾಡಿರಿ: 9651ರಲ್ಲಿ 1569 ಹೋದರೆ 8082. 8820ರಲ್ಲಿ 0288 ಹೋದರೆ 8532. 8532ರಲ್ಲಿ 2358 ಹೋದರೆ 6174. ಮೂರೇ ಹೆಜ್ಜೆ. ಒಡೆದ ವರ್ಷವೂ ಉಳಿದೆಲ್ಲ ವರ್ಷಗಳು ಸೇರುವ ಮನೆಗೇ ಸೇರಿತು.

ಕಾಪ್ರೇಕರರ ಇನ್ನೊಂದು ಶೋಧ ಮಹಾವೀರನ ಹಾರಕ್ಕೆ ನೇರವಾಗಿ ಕೈ ಚಾಚುತ್ತದೆ. ಒಂದು ಸಂಖ್ಯೆಯ ವರ್ಗವನ್ನು ಎರಡು ತುಂಡು ಮಾಡಿ ಕೂಡಿದಾಗ ಮತ್ತೆ ಅದೇ ಸಂಖ್ಯೆ ಬಂದರೆ ಅದಕ್ಕೆ ಕಾಪ್ರೇಕರ್ ಸಂಖ್ಯೆ ಎನ್ನುತ್ತಾರೆ. 297ರ ವರ್ಗ 88209; 88 ಮತ್ತು 209 ಕೂಡಿದರೆ 297. ಹಾರದ ತಲೆಯಲ್ಲಿ ಕಂಡ 142857ನ್ನು ನೋಡಿರಿ. ಅದರ ವರ್ಗ 20408122449. ತುಂಡು ಮಾಡಿ ಕೂಡಿರಿ: 20408 ಮತ್ತು 122449. ಬಂದದ್ದು 142857. ಒಂಬತ್ತನೆಯ ಶತಮಾನದ ಕನ್ನಡ ನಾಡಿನ ಆಚಾರ್ಯನೂ ಇಪ್ಪತ್ತನೆಯ ಶತಮಾನದ ಮರಾಠಿ ಮಾಸ್ತರರೂ ಒಂದೇ ಸಂಖ್ಯೆಯ ಬಾಗಿಲಲ್ಲಿ ಭೇಟಿಯಾದರು. ಒಳಗಿನ ಕಾರಣವೂ ಒಂದೇ: ಅದನ್ನು ಏಳರಿಂದ ಗುಣಿಸಿದರೆ ಬರುವ ಆರು ಒಂಬತ್ತು, ಅಂದರೆ ಹತ್ತು ಲಕ್ಷಕ್ಕೆ ಒಂದು ಕಡಿಮೆ.

ಗ್ರಂಥ ನಡೆದ ದಾರಿ

ಗಣಿತಸಾರಸಂಗ್ರಹ ಬಹುದೂರ ನಡೆದಿದೆ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು, ಜಗತ್ತಿಗೆ ಮಹಾವೀರನ ಹೆಸರು ತಿಳಿಯಿತು. 1963ರಲ್ಲಿ ಎಲ್. ಸಿ. ಜೈನ್ ಅವರ ಹಿಂದಿ ಅನುವಾದ ನಮ್ಮ ನೆರೆಯ ಸೊಲ್ಲಾಪುರದಿಂದ ಹೊರಬಂತು. ಕೊನೆಗೆ 2000ದಲ್ಲಿ ಮೈಸೂರಿನ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು ಕನ್ನಡಕ್ಕೆ ತಂದರು, ಹೊಂಬುಜದ ಜೈನ ಮಠ ಪ್ರಕಟಿಸಿತು. ಕನ್ನಡ ದೊರೆಯ ಹೆಸರು ಹೊತ್ತ ಗ್ರಂಥ ಪೂರ್ತಿಯಾಗಿ ಕನ್ನಡದ ಓದುಗರ ಕೈಗೆ ಬರಲು ಸಾವಿರದ ನೂರೈವತ್ತು ವರ್ಷ ಹಿಡಿಯಿತು. ಬಂದದ್ದನ್ನು ಈಗ ಕಪಾಟಿನಲ್ಲಿ ಇಡಬಾರದು.

ಶಿಕ್ಷಕ ಬಂಧುಗಳಲ್ಲಿ ನನ್ನ ಬೇಡಿಕೆ ಚಿಕ್ಕದು. ನಿಮ್ಮ ತರಗತಿಯ ಭಾಷೆ ಮರಾಠಿ ಇರಲಿ, ಕನ್ನಡ ಇರಲಿ, ಉರ್ದು ಇರಲಿ, ಗುಣಾಕಾರ ಕಲಿಸುವ ವಾರ ಒಂದು ದಿನ ಹಾರದ ಲೆಕ್ಕ ಕೊಡಿರಿ. 37037037ನ್ನು 3ರಿಂದ ಗುಣಿಸಲು ಹೇಳಿರಿ, ಒಂಬತ್ತು ಒಂದುಗಳು ಸಾಲಾಗಿ ನಿಲ್ಲುತ್ತವೆ. ಆ ಒಂದುಗಳ ಹಾರವನ್ನು ಎರಡರಿಂದ ಒಂಬತ್ತರವರೆಗೆ ಗುಣಿಸುತ್ತ ಹೋಗಲು ಬಿಡಿರಿ, ಎರಡುಗಳ ಹಾರ, ಮೂರುಗಳ ಹಾರ ಎಂದು ಒಂದೊಂದು ಮಗುವೂ ಒಂದೊಂದು ತರಲಿ. ಉತ್ತರ ಸರಿಯೇ ಎಂದು ಯಾರೂ ನಿಮ್ಮನ್ನು ಕೇಳುವುದಿಲ್ಲ. ಆ ದಿನ ಕೈಯಲ್ಲಿ ಕೋಲು ಬೇಕಾಗುವುದಿಲ್ಲ.

ಆಮೇಲೆ ದೊಡ್ಡ ಮಕ್ಕಳಿಗೆ ಹಿಂದಕ್ಕೆ ನಡೆಯಲು ಹೇಳಿರಿ: ಹತ್ತು ಲಕ್ಷದ ಒಂದು, 1000001, ಅದರ ಒಳಗೆ ಏನಿದೆ? ಅವರು ಸೋಲಬಹುದು, ದಿನಗಟ್ಟಲೆ ಹುಡುಕಬಹುದು. ಉತ್ತರವನ್ನು ನೀವು ಹೇಳಬೇಡಿರಿ, ನಾನೂ ಇಲ್ಲಿ ಹೇಳುವುದಿಲ್ಲ. ಅದರೊಳಗೆ ಇರುವುದು ಎರಡೇ ಅವಿಭಾಜ್ಯಗಳು, ಒಂದು ನಮ್ಮ ಆಯೇರಿಯಲ್ಲೇ ಇದೆ ಎಂಬಷ್ಟು ಸುಳಿವು ಸಾಕು. ನಿಲಂಗಾದ ಅಥವಾ ಉದಗೀರದ ಒಂದು ಮಗು ಅದನ್ನು ತಾನೇ ಕಂಡುಕೊಂಡು ಬೆಳಗ್ಗೆ ಓಡಿ ಬಂದು ಪಾಟಿ ತೋರಿಸಿದರೆ, ಹೆಸರು ಬೇಡವೆಂದು ಹೋದ ಆ ಮಾಸ್ತರರ ದತ್ತಿ ಸಾರ್ಥಕವಾಯಿತು.